ಜಾಗ್ವಾರ್ ಎಕ್ಸ್‌ಜೆ6 ತಗೊಳ್ಳಲೋ, ಬೆಂಜ್ 280 ಎಸ್‌ಇ ತಗೊಳ್ಳಲೋ?

ಪ್ರಶ್ನೆ: ನಾನು ದಾವಣಗೆರೆಯವನು. 16 ವರ್ಷದಿಂದ ಇಂಗ್ಲೆಂಡಿನಲ್ಲಿ, ಕವೆಂಟ್ರಿ ಪಕ್ಕ ಇದ್ದೇನೆ. ಚಿಕ್ಕವನಿದ್ದಾಗ ನಮ್ಮ ಬೀದಿಯ ಕಟಿಂಗ್ ಶಾಪಿನ ಕ್ಯಾಲೆಂಡರಿನಲ್ಲಿ ಒಂದು ಜಾಗ್ವಾರ್ ಇತ್ತು. ಆಗ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಒಂದು ಹಳೇ ಕಾರು ತಗೊಳ್ಳೋಣ ಅಂತ ದುಡ್ಡು ಎತ್ತಿಟ್ಟಿದ್ದೇನೆ. ಕಳೆದ ತಿಂಗಳು ಎರಡು ಕಾರು ಓಡಿಸಿ ನೋಡಿದೆ. ಒಂದು 1984ರ ಜಾಗ್ವಾರ್ ಎಕ್ಸ್‌ಜೆ6 4.2, ಇನ್ನೊಂದು 1985ರ ಮರ್ಸಿಡಿಸ್ ಬೆಂಜ್ 280 ಎಸ್‌ಇ. ಜಾಗ್ವಾರ್ ನೋಡಿದರೆ ಕಣ್ಣು ಕೀಳೋಕಾಗಲ್ಲ. ಆದರೆ ಓಡಿಸುವಾಗ ಹಿಂದುಗಡೆ ಟಕ್ ಟಕ್ ಸದ್ದು, ಬ್ರೇಕ್ ಹಾಕಿದರೆ ಒಂದು ಕಡೆ ಎಳೆತ, ತಿರುವಿನಲ್ಲಿ ತೇಲಾಟ. ಬೆಂಜ್ ಮಾತ್ರ ಬಂಡೆ ಥರ ಗಟ್ಟಿ. ಗೆಳೆಯರೆಲ್ಲ ‘ಜಾಗ್ವಾರ್ ಅಂದ್ರೆ ಹಾಗೇನೇ, ಬೆಂಜ್ ತಗೋ’ ಅನ್ನುತ್ತಾರೆ. ವಾರಕ್ಕೆರಡು ದಿನ ಬರ್ಮಿಂಗ್‌ಹ್ಯಾಮಿಗೆ ಆಫೀಸಿಗೆ ಹೋಗಬೇಕು. ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಾಗ ಅವರನ್ನು ಸುತ್ತಾಡಿಸಬೇಕು. ಮನೆಗೆ ಒಂದು ಗ್ಯಾರೇಜ್ ಇದೆ. ಯಾವುದು ತಗೊಳ್ಳಲಿ?

ಉತ್ತರ: ಎರಡೂ ಓಡಿಸಿ ನೋಡಿದೆ ಅಂತ ಬರೆದಿದ್ದೀರಿ. ಬೆಂಜ್ ಓಡಿಸಿದ್ದೀರಿ, ಸರಿ. ಆದರೆ ಎಕ್ಸ್‌ಜೆ6 ಹೇಗಿರುತ್ತದೆ ಅಂತ ನಿಮಗೆ ಇನ್ನೂ ಗೊತ್ತಾಗಿಲ್ಲ. ಆ ಟಕ್ ಟಕ್, ಆ ತೇಲಾಟ, ಅದೆಲ್ಲ ಸತ್ತ ರಬ್ಬರಿನ ಕೆಲಸ. 40 ವರ್ಷದ ರಬ್ಬರನ್ನು ಓಡಿಸಿ ಬಂದು ‘ಜಾಗ್ವಾರ್ ಅಂದ್ರೆ ಹಾಗೇನೇ’ ಅಂದರೆ, ಹಳಸಿದ ಅನ್ನ ತಿಂದು ಸೋನಾ ಮಸೂರಿಯನ್ನು ಬೈದ ಹಾಗೆ.

ರಬ್ಬರಿಗೆ ಯಾಕೆ ಇಷ್ಟು ಮಹತ್ವ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಕಾರಿನ ಸುಖ ಇರುವುದೇ ಅಲ್ಲಿ. 1961ರಲ್ಲಿ ಇ-ಟೈಪ್ ಮತ್ತು ಮಾರ್ಕ್ 10 ಕಾರುಗಳ ಜತೆ ಜಾಗ್ವಾರ್‌ನವರು ಹೊಸ ಹಿಂಬದಿ ಸಸ್ಪೆನ್ಷನ್, ಅಂದರೆ ಚಕ್ರಗಳ ಕುಲುಕಾಟ ತಡೆಯುವ ಏರ್ಪಾಡು, ತಂದರು. ಎಂಜಿನ್ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್, ಎರಡು ಡಿಸ್ಕ್ ಬ್ರೇಕು, ನಾಲ್ಕು ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರು, ಎಲ್ಲವನ್ನೂ ಒಂದು ಉಕ್ಕಿನ ಚೌಕಟ್ಟಿಗೆ ಕಟ್ಟಿದರು. ಮೆಕ್ಯಾನಿಕ್ಕುಗಳು ಅದನ್ನು ‘ಕೇಜ್’ ಅನ್ನುತ್ತಾರೆ. ಆ ಇಡೀ ಕೇಜನ್ನು ನಾಲ್ಕು ರಬ್ಬರ್ ಮೌಂಟುಗಳಿಂದ ಕಾರಿನ ತಳಕ್ಕೆ ನೇತುಹಾಕಿದರು. ರಸ್ತೆಯ ಗಲಾಟೆಯೆಲ್ಲ ಆ ರಬ್ಬರಿನಲ್ಲೇ ಇಂಗಿಹೋಗಬೇಕು, ಒಳಗೆ ಕೂತವರಿಗೆ ಮುಟ್ಟಬಾರದು. 1968ರ ಸೆಪ್ಟೆಂಬರಿನಲ್ಲಿ ಎಕ್ಸ್‌ಜೆ6 ಬರುವ ಹೊತ್ತಿಗೆ ಬಾಬ್ ನೈಟ್ ಎಂಬ ಎಂಜಿನಿಯರು ಈ ಉಪಾಯವನ್ನು ಇನ್ನಷ್ಟು ನಯಮಾಡಿದ್ದರು. ಮುಂದಿನ ಚಕ್ರಗಳ ಸಸ್ಪೆನ್ಷನ್ನೂ ಇಂಥದೇ ರಬ್ಬರಿನ ಮೇಲೆ ಕೂತ ಸಬ್‌ಫ್ರೇಮಿನಲ್ಲಿ ಇತ್ತು. ಟೈರನ್ನು ಡನ್‌ಲಪ್ ಕಂಪನಿ ಈ ಕಾರಿಗೆಂದೇ ಹೊಂದಿಸಿ ಮಾಡಿಕೊಟ್ಟಿತು. ಬಂದ ಹೊಸತರಲ್ಲಿ ಇದನ್ನು ರೋಲ್ಸ್‌ರಾಯ್ಸ್ ಪಕ್ಕ ನಿಲ್ಲಿಸಿ ಹೋಲಿಸಿದವರಿದ್ದರು. ರೋಲ್ಸ್ ಬೆಲೆಯಲ್ಲಿ ಇಂಥ ಎರಡು ಕಾರು ತಗೊಂಡು ಇನ್ನೂ ಚಿಲ್ಲರೆ ಉಳಿಯುತ್ತಿತ್ತು.

ಈಗ ಅದೇ ಕೇಜಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿ. ಮೌಂಟಿನಲ್ಲಿ ಎರಡು ಲೋಹದ ತಟ್ಟೆ, ನಡುವೆ ರಬ್ಬರು ಅಂಟಿಸಿರುತ್ತದೆ. ಹಳೇ ಮೌಂಟಿನಲ್ಲಿ ಆ ಅಂಟು ಬಿಟ್ಟಿರುತ್ತದೆ. ಬೆರಳಲ್ಲಿ ಸವರಿದರೆ ಕಪ್ಪು ಪುಡಿ ಹತ್ತುತ್ತದೆ. ಆಕ್ಸಿಲರೇಟರ್ ಪೆಡಲ್ ಒತ್ತಿದಾಗ ಕೇಜ್ ಒಂದಿಷ್ಟು ಮುಂದೆ ಹೋಗಿ ತಟ್ಟುತ್ತದೆ, ಬಿಟ್ಟಾಗ ಹಿಂದೆ ಬಂದು ತಟ್ಟುತ್ತದೆ. ಅದೇ ನಿಮ್ಮ ಟಕ್ ಟಕ್. ಒಂದೊಂದು ಸಲ ಆಕ್ಸೆಲ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟು ಸವೆದಿದ್ದರೂ ಹೀಗೇ ಸದ್ದು ಬರುತ್ತದೆ. ಅಲ್ಲೇ ಮುಂದೆ ರೇಡಿಯಸ್ ಆರ್ಮ್ ಅಂತ ಒಂದು ತೋಳು ಇದೆ, ಅದು ಕಾರಿನ ಮೈಗೆ ಸೇರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಕುಟ್ಟಿ ನೋಡಿ. ‘ಠಣ್’ ಅಂದರೆ ಒಳ್ಳೇದು. ‘ಬೊದ್’ ಅಂದರೆ ಅಲ್ಲಿ ತುಕ್ಕು, ವೆಲ್ಡಿಂಗ್ ಕೆಲಸ ಕಾದಿದೆ.

ಬ್ರೇಕಿನ ಎಳೆತ ಬೇರೆ ಕತೆ. ಅದು ಡಿಸ್ಕನ್ನು ಒತ್ತಿ ಹಿಡಿಯುವ ಮುಂದಿನ ಕ್ಯಾಲಿಪರ್ ಸಿಕ್ಕಿಹಾಕಿಕೊಂಡು ಆಗಿರಬಹುದು, ಆ ರಿಪೇರಿಗೆ ಜಾಸ್ತಿ ಖರ್ಚಿಲ್ಲ. ಆದರೆ ಹಿಂದಿನ ಡಿಸ್ಕುಗಳನ್ನೂ ನೋಡಲೇಬೇಕು. ಈ ಕಾರಿನಲ್ಲಿ ಅವು ಚಕ್ರದ ಹತ್ತಿರ ಇಲ್ಲ, ಮಧ್ಯದಲ್ಲಿ ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಿವೆ. ಚಕ್ರದ ಭಾರ ಕಡಿಮೆಯಾಗಿ ಓಟ ಹಗುರವಾಗಲಿ ಅಂತ ಹಾಗೆ ಮಾಡಿದರು. ಒಳ್ಳೇ ಯೋಚನೆಯೇ. ಆದರೆ ಡಿಫರೆನ್ಷಿಯಲ್ ಸೀಲ್ ಸೋರಿದರೆ ಎಣ್ಣೆ ನೇರ ಡಿಸ್ಕಿನ ಮೇಲೆ. ಡಿಸ್ಕ್ ಬದಲಿಸಬೇಕು ಅಂದರೆ ಇಡೀ ಕೇಜನ್ನು ಕೆಳಗಿಳಿಸುವುದೇ ಸುಲಭದ ದಾರಿ. ಹಾಗಾಗಿ ಹಿಂದಿನ ಓನರುಗಳು ಒಬ್ಬರಾದ ಮೇಲೆ ಒಬ್ಬರು ‘ಆಮೇಲೆ ನೋಡೋಣ’ ಅಂತ ಮುಂದೆ ತಳ್ಳಿರುತ್ತಾರೆ. ಹ್ಯಾಂಡ್‌ಬ್ರೇಕಿಗೂ ಅಲ್ಲೇ ಬೇರೆ ಪುಟ್ಟ ಕ್ಯಾಲಿಪರುಗಳಿವೆ, ಅವು ಹೊಸದರಲ್ಲೂ ಅಷ್ಟಕ್ಕಷ್ಟೇ. ಇಳಿಜಾರಿನಲ್ಲಿ ನಿಲ್ಲಿಸಿ ಎಳೆದು ನೋಡಿ.

ಒಂದು ಸಮಾಧಾನ ಏನೆಂದರೆ, ಇದಕ್ಕೆಲ್ಲ ಪಾರ್ಟ್ಸ್ ಸಿಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ದುಬಾರಿಯಾಗುವುದು ಕೂಲಿ. ಕೇಜ್ ಇಳಿಸಿ, ಸೀಲು, ಡಿಸ್ಕು, ಕೀಲುಗಳಲ್ಲಿರುವ ರಬ್ಬರ್ ಬುಷ್ಷು, ಮೌಂಟು ಎಲ್ಲ ಒಟ್ಟಿಗೇ ಹೊಸದು ಹಾಕಿ ಏರಿಸಿದರೆ, ಇಳಿದು ಹೋದ ಕಾರೇ ಬೇರೆ, ಏರಿ ಬಂದ ಕಾರೇ ಬೇರೆ. ನಾನು ಇಂಥ ಕೆಲಸ ಮಾಡಿಸಿದ ಕಾರನ್ನು ಮೊದಲ ಸಲ ಓಡಿಸಿದಾಗ ರಸ್ತೆಯಲ್ಲಿದ್ದ ಮ್ಯಾನ್‌ಹೋಲ್ ಮುಚ್ಚಳ ಕಣ್ಣಿಗೆ ಕಂಡಿತು, ಬೆನ್ನಿಗೆ ಗೊತ್ತಾಗಲಿಲ್ಲ. ಸುಮ್ನೆ ಇನ್ನೊಂದು ಸುತ್ತು ಬಂದು ಅದರ ಮೇಲೇ ಹತ್ತಿಸಿದೆ. ಒಂದು ಎಚ್ಚರಿಕೆ: ಅಗ್ಗದ ನಕಲಿ ರಬ್ಬರ್ ಬುಷ್ಷು ಬೇಡ. ಒಂದೆರಡು ಚಳಿಗಾಲದಲ್ಲೇ ಬಿರಿದು ಮತ್ತೆ ಕೇಜ್ ಇಳಿಸಬೇಕಾಗುತ್ತದೆ.

ಇನ್ನು ಎಂಜಿನ್. ತಮಾಷೆ ಅಂದರೆ ನೀವು ನೋಡಿದ ಎರಡೂ ಕಾರಿನಲ್ಲಿ ಇರುವುದು ಸಾಲಾಗಿ ಆರು ಸಿಲಿಂಡರು, ಮೇಲೆ ಎರಡು ಕ್ಯಾಮ್‌ಶಾಫ್ಟು. ಕಾಗದದ ಮೇಲೆ ಅಣ್ಣ ತಮ್ಮ. ಸ್ವಭಾವ ಮಾತ್ರ ಒಂದು ಚೂರೂ ಹೊಂದಲ್ಲ.

ಜಾಗ್ವಾರಿನ ಎಕ್ಸ್‌ಕೆ ಎಂಜಿನ್ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಬಾಂಬ್ ಬಿದ್ದು ಬೆಂಕಿ ಹತ್ತಿದರೆ ಆರಿಸಲು ಕವೆಂಟ್ರಿಯ ಫ್ಯಾಕ್ಟರಿಯಲ್ಲಿ ರಾತ್ರಿ ಕಾವಲು ಇರುತ್ತಿತ್ತು. 1940ರ ನವೆಂಬರ್ 14ರ ರಾತ್ರಿ ಆ ಊರು ಸುಟ್ಟುಹೋದದ್ದು ನಿಮಗೆ ಗೊತ್ತೇ ಇದೆ, ಮುರಿದ ಕೆಥೆಡ್ರಲ್ ಈಗಲೂ ಹಾಗೇ ನಿಂತಿದೆ. ಆ ಕಾವಲಿನ ರಾತ್ರಿಗಳಲ್ಲಿ ಕಂಪನಿಯ ಯಜಮಾನ ವಿಲಿಯಂ ಲಯನ್ಸ್, ಎಂಜಿನಿಯರುಗಳಾದ ಬಿಲ್ ಹೇನ್ಸ್, ವಾಲ್ಟರ್ ಹಸನ್, ಕ್ಲಾಡ್ ಬೇಲಿ ಕೂತು ಯುದ್ಧ ಮುಗಿದ ಮೇಲೆ ಎಂಥ ಎಂಜಿನ್ ಮಾಡಬೇಕು ಅಂತ ಚರ್ಚೆ ಮಾಡುತ್ತಿದ್ದರು. 1948ರಲ್ಲಿ ಎಕ್ಸ್‌ಕೆ120 ಕಾರಿನಲ್ಲಿ ಅದು ಹೊರಗೆ ಬಂತು. 1951ರಿಂದ 1957ರೊಳಗೆ ಐದು ಸಲ ಫ್ರಾನ್ಸಿನ 24 ಗಂಟೆಯ ಲ ಮಾನ್ಸ್ ರೇಸ್ ಗೆದ್ದುಕೊಟ್ಟಿತು. ಅದೇ ವಂಶದ ಎಂಜಿನ್ 36 ವರ್ಷ ಆದ ಮೇಲೆ ನೀವು ಓಡಿಸಿದ ಕಾರಿನಲ್ಲಿ ಇದೆ. ಅಲ್ಲಿಗೂ ಮುಗಿಯಲಿಲ್ಲ, ಜಾಗ್ವಾರ್‌ನವರದೇ ಡೇಮ್ಲರ್ ಲಿಮೊಸಿನ್‌ನಲ್ಲಿ 1992ರವರೆಗೆ ಬಂತು.

4.2 ಲೀಟರಿನ ಈ ಎಂಜಿನಿನ ಪಿಸ್ಟನ್ 106 ಮಿಲಿಮೀಟರ್ ಉದ್ದ ಹೋಗಿ ಬರುತ್ತದೆ. ಬೆಂಜಿನ 2.8 ಲೀಟರ್ ಎಂಜಿನ್, ಅದರ ಹೆಸರು ಎಂ110, 1972ರಲ್ಲಿ ಬಂದದ್ದು, ಅದರಲ್ಲಿ ಈ ಅಳತೆ 78.8 ಮಾತ್ರ. ಉದ್ದ ಹೆಜ್ಜೆ ಹಾಕಿ ನಡೆಯುವವನಿಗೂ ಚಿಕ್ಕ ಹೆಜ್ಜೆಯಲ್ಲಿ ಓಡುವವನಿಗೂ ಇರುವ ವ್ಯತ್ಯಾಸ ಅದು. ಜಾಗ್ವಾರ್ 205 ಅಶ್ವಶಕ್ತಿ, ಬೆಂಜ್ 185. ದೊಡ್ಡ ಅಂತರವೇನಲ್ಲ. ಆದರೆ ಜಾಗ್ವಾರ್ ಕಡಿಮೆ ಆರ್‌ಪಿಎಂನಲ್ಲೇ 300 ನ್ಯೂಟನ್ ಮೀಟರ್ ದಾಟಿದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಬೆಂಜ್ ತನ್ನ 240 ಕೊಡುವುದಕ್ಕೆ 4500 ಆರ್‌ಪಿಎಂಗೆ ಏರಬೇಕು. ಊರೊಳಗೆ ಜಾಗ್ವಾರಿನ ಪೆಡಲನ್ನು ಸುಮ್ನೆ ಮುಟ್ಟಿದರೆ ಸಾಕು, ತೊಟ್ಟಿಲು ತೂಗಿದ ಹಾಗೆ ಹೊರಡುತ್ತದೆ. ಬೆಂಜನ್ನು ಒತ್ತಬೇಕು, ಎಂಜಿನ್ ಕೂಗಬೇಕು, ಆಮೇಲೆ ಓಡುತ್ತದೆ. ಓಡಲು ಶುರುವಾದರೆ ದಿನವಿಡೀ ಅದೇ ಹದದಲ್ಲಿ ಓಡುತ್ತದೆ ಅನ್ನಿ. ಜರ್ಮನಿಯ ಆಟೊಬಾನಿಗೆ ಮಾಡಿದ್ದು ತಾನೆ.

ತೂಕವೂ ಗಮನಿಸಿ. ಬೆಂಜ್ ನೋಡಲು ದೊಡ್ಡದು, ತೂಗಿದರೆ 1,560 ಕಿಲೋ ಸುಮಾರು. ಜಾಗ್ವಾರ್ 1,800 ಕಿಲೋ ಮೀರುತ್ತದೆ. ಬೆಂಜಿನವರು 1973ರ ತೈಲ ಬಿಕ್ಕಟ್ಟಿನ ಏಟು ತಿಂದ ಮೇಲೆ ಈ ಡಬ್ಲ್ಯು126 ಮಾದರಿಯನ್ನು ರೂಪಿಸಿದ್ದು. ತೆಳುವಾದರೂ ಗಟ್ಟಿ ಉಕ್ಕು, ಕೆಳಗೆ ಪ್ಲಾಸ್ಟಿಕ್ಕು, ಗಾಳಿ ಸೀಳುವ ಮೈ. ಹಾಗಾಗಿ ಪೆಟ್ರೋಲಿನಲ್ಲೂ ಬೆಂಜ್ ಸ್ವಲ್ಪ ವಾಸಿ. ಜಾಗ್ವಾರ್ ಲೀಟರಿಗೆ ಆರು ಕಿಲೋಮೀಟರ್ ಕೊಟ್ಟರೆ ದೊಡ್ಡದು, ಬೆಂಜ್ ಏಳರ ಮೇಲೆ ಹೋಗುತ್ತದೆ. ನಿಮ್ಮ ವಾರಕ್ಕೆರಡು ಬರ್ಮಿಂಗ್‌ಹ್ಯಾಮ್ ಓಡಾಟಕ್ಕೆ ಇದರಿಂದ ಮನೆ ಮುಳುಗುವುದೂ ಇಲ್ಲ, ಉಳಿಯುವುದೂ ಇಲ್ಲ. ಬ್ರಿಟನ್ನಿನಲ್ಲಿ 2021ರಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್. ಹಳೇ ಹೋಸ್ ಪೈಪುಗಳಿಗೆ ಅದು ಆಗಿಬರಲ್ಲ. ಯಾವುದೇ ಕಾರು ತಗೊಂಡರೂ ಸೂಪರ್ ಗ್ರೇಡಿನ ಇ5 ಹಾಕಿಸಿ, ಪೆಟ್ರೋಲ್ ಹೋಸುಗಳನ್ನು ಮೊದಲ ವಾರವೇ ಬದಲಿಸಿ.

ಈಗ ಬೆಂಜಿನ ಕಡೆ ಬರೋಣ. ನಿಮಗೆ ಬಂಡೆ ಥರ ಕಂಡಿತು ಅಂದಿರಿ. ನಿಜ, ಅದು ಹಾಗೇ ಇರುತ್ತದೆ. 1979ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬಂತು, 1991ರವರೆಗೆ 8 ಲಕ್ಷಕ್ಕೂ ಮೇಲೆ ಸೆಡಾನ್ ಮಾಡಿದರು. ಬಾಗಿಲು ಹಾಕಿದಾಗಿನ ಆ ಸದ್ದಿಗೇ ಎಷ್ಟೋ ಜನ ಮಾರುಹೋಗಿದ್ದಾರೆ. ಅದರ ತೊಂದರೆ ಇರುವುದೂ ಅಲ್ಲೇ. ಜಾಗ್ವಾರಿಗೆ ಹುಷಾರಿಲ್ಲದಿದ್ದರೆ ಅದು ಅತ್ತು ಕರೆದು ರಂಪ ಮಾಡುತ್ತದೆ, ಹತ್ತೇ ನಿಮಿಷದಲ್ಲಿ ನಿಮಗೆ ಗೊತ್ತಾಯಿತಲ್ಲ. ಬೆಂಜ್ ಒಳಗೊಳಗೇ ನುಂಗಿಕೊಳ್ಳುತ್ತದೆ. ಬುಷ್ಷು ಅರ್ಧ ಸವೆದಿದ್ದರೂ ನೆಟ್ಟಗೆ ಓಡುತ್ತದೆ, ತುಕ್ಕು ಹಿಡಿದಿದ್ದರೂ ಹೊಳೆಯುತ್ತದೆ.

ಇದನ್ನು ನಾನು ದುಡ್ಡು ತೆತ್ತು ಕಲಿತೆ. ಹತ್ತು ಹನ್ನೆರಡು ವರ್ಷದ ಹಿಂದೆ ಇದೇ ಮಾದರಿಯ ಒಂದು ಕಾರು ತಗೊಂಡೆ. ಕಡು ನೀಲಿ ಬಣ್ಣ, ಕನ್ನಡಿ ಥರ ಮೈ. ಮಾರಿದವರ ಹತ್ತಿರ ಸರ್ವಿಸ್ ಪುಸ್ತಕ ತುಂಬ ಸೀಲು. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಪಂಕ್ಚರ್ ಆಯಿತು. ಕಾರಿನದೇ ಜ್ಯಾಕ್ ತೆಗೆದು ಪಕ್ಕದ ತೂತಿಗೆ ಸಿಕ್ಕಿಸಿ ತಿರುಗಿಸಿದೆ. ಕಾರು ಏರಲಿಲ್ಲ, ಜ್ಯಾಕೇ ಕಾರಿನೊಳಗೆ ಏರಿತು. ಕರಕರ ಅಂತ ಹಪ್ಪಳ ಮುರಿದ ಸದ್ದು. ಆಮೇಲೆ ಆ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿಸಿ ನೋಡಿದರೆ ಒಳಗೆ ಕಂದು ಬಣ್ಣದ ಪುಡಿ, ಎರಡು ಬೊಗಸೆಯಷ್ಟು. ಇಷ್ಟು ದಿನ ಅದೇ ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿದ್ದೆ.

ಹಾಗಾಗಿ ನೀವು ನೋಡಿದ ಬೆಂಜಿನ ಹತ್ತಿರ ಇನ್ನೊಂದು ಸಲ ಹೋಗಿ. ಪಕ್ಕದಲ್ಲಿ ಎರಡು ಚಕ್ರಗಳ ನಡುವೆ ಗೆರೆಗೆರೆಯ ಪ್ಲಾಸ್ಟಿಕ್ ಪಟ್ಟಿ ಇದೆ. ಅದರ ಕೆಳಗೆ ಜ್ಯಾಕ್ ಸಿಕ್ಕಿಸುವ ಜಾಗಗಳಿವೆ, ಒಂದೊಂದಕ್ಕೂ ಪ್ಲಾಸ್ಟಿಕ್ ಮುಚ್ಚಳ. ನಾಲ್ಕೂ ತೆಗೆದು ಒಳಗೆ ಬೆರಳು ಹಾಕಿ. ಒಣಗಿ ನಯವಾಗಿದ್ದರೆ, ಇಲ್ಲವೇ ಮೇಣದಂಥ ಅಂಟು ಇದ್ದರೆ ಖುಷಿಪಡಿ. ಒದ್ದೆ ಮಣ್ಣು, ಪದರ ಪದರ ಕಬ್ಬಿಣ ಸಿಕ್ಕಿದರೆ ಕೈ ಒರೆಸಿಕೊಂಡು ಬಂದುಬಿಡಿ. ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ. ಹಿಂದಿನ ಗಾಜಿನ ಕೆಳಗಿನ ಅಂಚು ತುಕ್ಕು ಹಿಡಿದರೆ ನೀರು ಅಲ್ಲಿಗೆ ಇಳಿಯುತ್ತದೆ. ಡ್ರೈವರ್ ಬಾಗಿಲಿಗೆ ಬೀಗ ಹಾಕಿ, ಉಳಿದ ಬಾಗಿಲುಗಳ ಬೀಗದ ಗುಂಡಿ ಕೆಳಗಿಳಿಯುತ್ತವಾ ನೋಡಿ. ಈ ಕಾರಿನಲ್ಲಿ ಅದನ್ನು ಎಳೆಯುವುದು ತಂತಿ ಅಲ್ಲ, ಒಂದು ಪುಟ್ಟ ಪಂಪಿನ ಗಾಳಿ. ಒಂದು ಗುಂಡಿ ಸೋಮಾರಿಯಾಗಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಸಣ್ಣ ವಿಷಯವೇ, ಆದರೆ ಓನರ್ ಎಂಥವನು ಅಂತ ಅಲ್ಲಿ ಗೊತ್ತಾಗುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ವಾಲ್ವ್ ಸೀಲು ಹೋಗಿವೆ. ಬಿಸಿಯಾದ ಮೇಲೆ ಕಾಲು ಗಂಟೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ. ಬಹಳ ಹೊತ್ತು ತಿಣುಕಿದರೆ ಬಾಷ್ ಕಂಪನಿಯ ಆ ಮೆಕ್ಯಾನಿಕಲ್ ಇಂಜೆಕ್ಷನ್ ವ್ಯವಸ್ಥೆಗೆ ಕೆಲಸ ಇದೆ. ಅದನ್ನು ಸರಿಯಾಗಿ ತಿಳಿದವರು ಈಗ ಎಲ್ಲ ಕಡೆ ಸಿಗುವುದಿಲ್ಲ.

ಜಾಗ್ವಾರಿನಲ್ಲಿ ತುಕ್ಕು ಹುಡುಕುವುದು ಸುಲಭ, ಯಾಕೆಂದರೆ ಎಲ್ಲೆಲ್ಲೂ ಇರುತ್ತದೆ! ಅದಕ್ಕೊಂದು ನೀರಿನ ಪರೀಕ್ಷೆ ಇದೆ. ಎಕ್ಸ್‌ಜೆ6ಗೆ ಎರಡು ಪೆಟ್ರೋಲ್ ಟ್ಯಾಂಕು, ಕಾರಿನ ಹಿಂಭಾಗದ ಎರಡು ಪಕ್ಕಗಳಲ್ಲಿ ಒಂದೊಂದು. ಮೇಲೆ ಎರಡು ಚಂದದ ಮುಚ್ಚಳ. ಮುಚ್ಚಳದ ಸುತ್ತ ಇರುವ ತಗ್ಗಿನಲ್ಲಿ ನಿಂತ ಮಳೆನೀರು ಹೋಗಲು ಒಂದು ಸಣ್ಣ ಕೊಳವೆ ಇದೆ. ಕಾರು ನೋಡಲು ಹೋಗುವಾಗ ಒಂದು ಬಾಟಲಿ ನೀರು ಒಯ್ಯಿರಿ. ಮಾರುವವರ ಒಪ್ಪಿಗೆ ಕೇಳಿ, ಒಳಮುಚ್ಚಳ ಭದ್ರ ಇದೆಯಾ ನೋಡಿಕೊಂಡು, ಆ ತಗ್ಗಿಗೆ ಒಂದು ಲೋಟದಷ್ಟು ಸುರಿಯಿರಿ. ಕೆಳಗೆ ಚಕ್ರದ ಹಿಂದೆ ತೊಟಕ್ ತೊಟಕ್ ಅಂತ ಬಿದ್ದರೆ ಸರಿ. ಬೀಳದಿದ್ದರೆ ಕೊಳವೆ ಕಟ್ಟಿದೆ, ಇಷ್ಟು ವರ್ಷದ ಮಳೆ ಎಲ್ಲಿಗೆ ಹೋಯಿತು ಅಂತ ನೀವೇ ಊಹಿಸಿ. ಇದರ ಜತೆ ಮುಂದಿನ ಗಾಜಿನ ಸುತ್ತ, ಚಕ್ರದ ಕಮಾನು, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿದರೆ ಮುಖ್ಯವಾದದ್ದು ಮುಗಿಯಿತು. ಎಂಜಿನ್ ಬಿಸಿಯಾದ ಮೇಲೆ 3000 ಆರ್‌ಪಿಎಂನಲ್ಲಿ ಆಯಿಲ್ ಪ್ರೆಷರ್ 40ರ ಆಸುಪಾಸು ಇರಬೇಕು. ಟೆಂಪರೇಚರ್ ಮುಳ್ಳು ಟ್ರಾಫಿಕ್ಕಿನಲ್ಲಿ ನಿಂತಾಗ ಮೇಲೇರಬಾರದು. ಈ ಎಂಜಿನಿಗೆ ಅತಿ ಬಿಸಿ ಆಗಿಬರಲ್ಲ, ಒಳಗಿನ ನೀರಿನ ದಾರಿಗಳಲ್ಲಿ ಕೆಸರು ಕಟ್ಟಿ ಹಿಂದಿನ ಸಿಲಿಂಡರುಗಳು ಕುದಿಯುತ್ತವೆ.

ರೂಪದ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಲಯನ್ಸ್ ಸಾಹೇಬರು ಕಾಗದದ ಮೇಲೆ ಚಿತ್ರ ಬರೆದು ಕಾರು ಮಾಡಿದವರಲ್ಲ. ತಗಡು ಕೆಲಸದವರನ್ನು ಪಕ್ಕ ನಿಲ್ಲಿಸಿಕೊಂಡು ನಿಜವಾದ ಅಳತೆಯ ಮಾದರಿ ಮಾಡಿಸಿ, ‘ಇಲ್ಲಿ ಒಂದು ಚೂರು ಇಳಿಸು, ಅಲ್ಲಿ ಏರಿಸು’ ಅಂತ ತಿದ್ದಿಸುತ್ತಿದ್ದರು. ಆಮೇಲೆ ಅದನ್ನು ತಮ್ಮ ಮನೆ ವ್ಯಾಪನ್‌ಬರಿ ಹಾಲ್‌ಗೆ ತರಿಸಿ, ಹಗಲು ಬೆಳಕಿನಲ್ಲಿ ಸುತ್ತ ನಡೆದು ನೋಡುತ್ತಿದ್ದರು. ಎಕ್ಸ್‌ಜೆ6 ಅವರ ಕೈಯಿಂದ ಬಂದ ಕೊನೆಯ ದೊಡ್ಡ ಕಾರು, 1972ರಲ್ಲಿ ಅವರು ನಿವೃತ್ತರಾದರು. ಬೆಂಜಿನ ರೂಪ ಬ್ರೂನೊ ಸಾಕೊ ಅವರದು. ಹೊಸ ಬೆಂಜ್ ಬಂದ ತಕ್ಷಣ ಹಳೇ ಬೆಂಜ್ ಮುದಿಯಾಗಿ ಕಾಣಬಾರದು ಅನ್ನುವುದು ಅವರ ಲೆಕ್ಕ. ಮಜಾ ಏನು ಗೊತ್ತಾ, ಸಾಕೊ ಇಟಲಿಯ ಉದಿನೆಯಲ್ಲಿ ಹುಟ್ಟಿದವರು. ನೀವು ಓಡಿಸಿದ ಸೀರೀಸ್ 3, ಅಂದರೆ ಎಕ್ಸ್‌ಜೆ6ನ ಮೂರನೇ ಆವೃತ್ತಿಯ, ಜಾಗ್ವಾರಿನ ಚಾವಣಿಯನ್ನು 1979ರಲ್ಲಿ ತಿದ್ದಿಕೊಟ್ಟದ್ದೂ ಇಟಲಿಯ ಪಿನಿನ್‌ಫರೀನ. ‘ಅಪ್ಪಟ ಇಂಗ್ಲಿಷ್’, ‘ಅಪ್ಪಟ ಜರ್ಮನ್’ ಅಂತ ಕ್ಲಬ್ಬುಗಳಲ್ಲಿ ಜಗಳ ಆಡುವವರಿಗೆ ಇದನ್ನು ನೆನಪಿಸಿದರೆ ಮುಖ ಗಂಟಿಕ್ಕುತ್ತಾರೆ.

ನಮ್ಮ ಕಡೆಯ ನಂಟೂ ಎರಡಕ್ಕೂ ಇದೆ. ಜಾಗ್ವಾರ್ 2008ರಿಂದ ಟಾಟಾದವರದು. ಅದಕ್ಕೂ ಎಷ್ಟೋ ಮೊದಲು, 1954ರಿಂದ ಒಂದೂವರೆ ದಶಕ ಟಾಟಾದವರು ಬೆಂಜ್ ಜತೆಗೂಡಿ ಲಾರಿ ಮಾಡಿದವರು. ದಾವಣಗೆರೆಯಲ್ಲಿ ಹತ್ತಿ ಹೊತ್ತ ಹಳೇ ಲಾರಿಗಳ ಮೂತಿಯಲ್ಲಿ ಮೂರು ಮೂಲೆಯ ನಕ್ಷತ್ರ ಇರುತ್ತಿತ್ತು, ನಿಮ್ಮ ತಂದೆಯವರನ್ನು ಕೇಳಿ ನೋಡಿ.

ಅಪ್ಪ ಅಮ್ಮನ ವಿಷಯ ಬಂತಲ್ಲ, ಅದನ್ನು ಹಗುರವಾಗಿ ತಗೊಳ್ಳಬೇಡಿ. ಜಾಗ್ವಾರ್ ಬೆಂಜಿಗಿಂತ ಐದು ಸೆಂಟಿಮೀಟರ್ ಗಿಡ್ಡ. ಕೇಳಲು ಏನೂ ಅಲ್ಲ. ಆದರೆ ಮೊಣಕಾಲು ನೋವಿರುವವರು ಸೀರೆ ಎತ್ತಿ ಹಿಡಿದುಕೊಂಡು ಅದರ ಹಿಂದಿನ ಸೀಟಿಗೆ ಇಳಿಯಬೇಕು, ಆಮೇಲೆ ಏಳಬೇಕು. ಇಳಿಯುವುದು ಹೇಗೋ ಆಗುತ್ತದೆ, ಏಳುವಾಗ ನೀವು ಕೈ ಕೊಡಬೇಕು. ಬೆಂಜಿನ ಬಾಗಿಲು ಎತ್ತರ, ಸೀಟು ಗಟ್ಟಿ, ಕುರ್ಚಿಯಿಂದ ಎದ್ದಂತೆ ಏಳಬಹುದು. ಸುರಕ್ಷತೆಯಲ್ಲೂ ಬೆಂಜ್ ಮುಂದೆ, ಅದರಲ್ಲಿ ವಾದವೇ ಇಲ್ಲ. ಕಾರಿನ ಅರ್ಧ ಮುಖಕ್ಕೆ ಮಾತ್ರ ಡಿಕ್ಕಿಯಾದರೆ ಏನಾಗಬೇಕು ಅಂತ ಯೋಚಿಸಿ ಮಾಡಿದ ಕಾರು ಅದು. ಎಬಿಎಸ್ ಬ್ರೇಕ್ ಆಪ್ಷನ್ ಆಗಿ ಸಿಗುತ್ತಿತ್ತು, 1981ರಿಂದ ಡ್ರೈವರಿಗೆ ಏರ್‌ಬ್ಯಾಗೂ ಸಿಗುತ್ತಿತ್ತು. ನೀವು ನೋಡಿದ ಕಾರಿನಲ್ಲಿ ಅವು ಇವೆಯಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಎಕ್ಸ್‌ಜೆ6 ಸೀರೀಸ್ 3ಯಲ್ಲಿ ಎರಡೂ ಇಲ್ಲ. ಹಿಂದಿನ ಸೀಟಿಗೆ ಬೆಲ್ಟ್ ಇದೆಯಾ ಅಂತಲೂ ನೋಡಿ. ಬ್ರಿಟನ್ನಿನಲ್ಲಿ ಹೊಸ ಕಾರುಗಳಿಗೆ ಅದು ಕಡ್ಡಾಯವಾದದ್ದು 1987ರಲ್ಲಿ, ನೀವು ನೋಡಿದ ಎರಡೂ ಅದಕ್ಕಿಂತ ಹಳೇವು. ಇಲ್ಲದಿದ್ದರೆ ಹಾಕಿಸದೆ ತಂದೆ ತಾಯಿಯನ್ನು ಕೂರಿಸಬೇಡಿ.

ಕಾಗದಪತ್ರದ ವಿಷಯ ಚುಟುಕಾಗಿ. 40 ವರ್ಷ ದಾಟಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆ ಇಲ್ಲ. 1984ರ ಕಾರಿಗೆ 2025ರ ಏಪ್ರಿಲ್‌ನಿಂದ, 1985ರದಕ್ಕೆ 2026ರ ಏಪ್ರಿಲ್‌ನಿಂದ. ತಾನಾಗಿ ಆಗಲ್ಲ, ಅರ್ಜಿ ಹಾಕಿ ಹಿಸ್ಟಾರಿಕ್ ವರ್ಗಕ್ಕೆ ಬದಲಿಸಿಕೊಳ್ಳಬೇಕು. ಹಾಗೆ ಬದಲಿಸಿದರೆ ಬರ್ಮಿಂಗ್‌ಹ್ಯಾಮಿನಲ್ಲಿ ಹೊಗೆ ಹೆಚ್ಚು ಉಗುಳುವ ಗಾಡಿಗಳಿಗೆ ಹಾಕುವ ಕ್ಲೀನ್ ಏರ್ ಜೋನಿನ ದಿನದ ಶುಲ್ಕವೂ ಇಲ್ಲ, ನಿಮಗೆ ಅದೇ ದೊಡ್ಡ ಉಳಿತಾಯ. ಕಾರು ರಸ್ತೆಗೆ ಯೋಗ್ಯವಾ ಅಂತ ನೋಡುವ ವರ್ಷದ ಎಂಒಟಿ ಪರೀಕ್ಷೆಗೂ ವಿನಾಯಿತಿ ಇದೆ. ಆ ವಿನಾಯಿತಿ ಮಾತ್ರ ಬಳಸಬೇಡಿ, ಪ್ರತಿ ವರ್ಷ ಮಾಡಿಸಿ. ಇನ್ನೊಬ್ಬ ಮನುಷ್ಯ ವರ್ಷಕ್ಕೊಮ್ಮೆ ಕಾರಿನ ಕೆಳಗೆ ನೋಡಲಿ. ಕೊಳ್ಳುವ ಮೊದಲು ನಂಬರ್ ಪ್ಲೇಟ್ ಹಾಕಿ ಆ ಎರಡೂ ಕಾರಿನ ಹಳೇ ಎಂಒಟಿ ಚರಿತ್ರೆ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಓದಿ. ಮಾರುವವರು ಹೇಳದ್ದನ್ನು ಅದು ಹೇಳುತ್ತದೆ. ‘ತುಕ್ಕು, ಗಮನಿಸಿ’ ಅಂತ ಮೂರು ವರ್ಷ ಬರೆದು ನಾಲ್ಕನೇ ವರ್ಷ ಆ ಮಾತೇ ಇಲ್ಲ ಅಂದರೆ, ವೆಲ್ಡಿಂಗ್ ಆಗಿದೆಯೋ ಕಪ್ಪು ಬಣ್ಣ ಬಳಿದಿದ್ದಾರೋ ಕೇಳಿ.

ಸರಿ, ಯಾವುದು ತಗೊಳ್ಳಬೇಕು? ನೀವು ನೋಡಿದ ಆ ಎರಡರಲ್ಲೇ ಆರಿಸಬೇಕು ಅಂದರೆ, ಬೆರಳು ಪರೀಕ್ಷೆಯಲ್ಲಿ ಪಾಸಾದರೆ ಬೆಂಜ್. ಆ ಜಾಗ್ವಾರ್ ಬೇಡ. ಟಕ್ ಟಕ್ ಸದ್ದನ್ನು ಸರಿಮಾಡಿಸದೆ ಮಾರಲು ಇಟ್ಟವರು ಉಳಿದದ್ದನ್ನೂ ಮಾಡಿಸಿರಲ್ಲ.

ಆದರೆ ನಿಮ್ಮ ಪತ್ರ ಓದಿದರೆ ನೀವು ಬೆಂಜ್ ತಗೊಂಡು ಸುಖವಾಗಿರುವ ಆಸಾಮಿ ಥರ ಕಾಣುವುದಿಲ್ಲ. ಕಟಿಂಗ್ ಶಾಪಿನ ಕ್ಯಾಲೆಂಡರಿನಲ್ಲಿ ಇದ್ದದ್ದು ಬೆಂಜ್ ಅಲ್ಲವಲ್ಲ. ಹಾಗಾಗಿ ಅವಸರ ಮಾಡಬೇಡಿ. ನೀವಿರುವುದು ಜಾಗ್ವಾರಿನ ತವರಿನಲ್ಲಿ. ಈ ಕಾರುಗಳನ್ನು ಕಟ್ಟಿದ ಬ್ರೌನ್ಸ್ ಲೇನ್ ಫ್ಯಾಕ್ಟರಿ ನಿಮ್ಮ ಮನೆಗೆ ಹತ್ತಿರವೇ ಇತ್ತು. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ಆ ಊರಿನಲ್ಲೇ ಇದ್ದಾರೆ, ಕ್ಲಬ್ ಸೇರಿದರೆ ಸಿಗುತ್ತಾರೆ. ಹಿಂದಿನ ಕೇಜ್ ಹೊಸದು ಮಾಡಿಸಿದ ಒಂದು ಎಕ್ಸ್‌ಜೆ6ನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಹತ್ತು ಮೈಲಿ ಹೋಗಿ ಬನ್ನಿ. ಆಮೇಲೂ ಬೆಂಜೇ ಬೇಕು ಅನ್ನಿಸಿದರೆ ಬೆಂಜ್ ತಗೊಳ್ಳಿ, ನಾನು ಒಂದು ಮಾತೂ ಆಡಲ್ಲ. ಜಾಗ್ವಾರ್ ಅನ್ನಿಸಿದರೆ ಕೆಲಸ ಮಾಡಿಸಿರುವ, ಬಿಲ್ಲುಗಳಿರುವ ಕಾರನ್ನೇ ಹುಡುಕಿ, ಎತ್ತಿಟ್ಟ ದುಡ್ಡಿನಲ್ಲಿ ಮೂರನೇ ಒಂದು ಭಾಗ ಮೊದಲ ವರ್ಷದ ರಿಪೇರಿಗೆ ಅಂತ ಮುಟ್ಟದೆ ಇಡಿ. ಅಮ್ಮನಿಗೆ ಕೈ ಕೊಡಲು ನೀವೇ ಇರುತ್ತೀರಲ್ಲ.

ಅದಕ್ಕೂ ಮೊದಲು ಇವತ್ತು ಸಂಜೆ ಒಂದು ಕೆಲಸ ಮಾಡಿ. ಗ್ಯಾರೇಜ್ ಇದೆ ಅಂತ ಬರೆದಿದ್ದೀರಿ, ಅಳತೆ ಬರೆದಿಲ್ಲ. ಇಂಗ್ಲೆಂಡಿನಲ್ಲಿ ಎಷ್ಟೋ ಮನೆಗಳ ಗ್ಯಾರೇಜ್ ಉದ್ದ 16 ಅಡಿ, ಅಂದರೆ 4.88 ಮೀಟರ್. ಜಾಗ್ವಾರ್ 4.96 ಮೀಟರ್, ಬೆಂಜ್ 4.99. ಟೇಪ್ ಹಿಡಿದು ಬಾಗಿಲಿನಿಂದ ಹಿಂದಿನ ಗೋಡೆಗೆ ಅಳೆಯಿರಿ. ಕಾರು ಹಿಡಿಸದಿದ್ದರೆ ಅದು ಚಳಿಗಾಲವಿಡೀ ಮಳೆಯಲ್ಲಿ ನಿಲ್ಲುತ್ತದೆ. ಹಾಗಿದ್ದರೆ ಜಾಗ್ವಾರ್ ಹುಡುಕುವ ಮೊದಲು ಹತ್ತಿರದಲ್ಲಿ ಬಾಡಿಗೆಗೆ ಒಂದು ಒಣ ಶೆಡ್ ಹುಡುಕಿ.